ಪಾಲುದಾರರ ಕೈಬಟ್ಟೆ

ಇವರ ಕೈಬಟ್ಟೆ ದಿನವೂ ಒದ್ದೆಯಾಗಿಯೇ ಮನೆಗೆ ಬರುತ್ತಿತ್ತು. ಊಟದ ಡಬ್ಬಿಯ ಚೀಲಕ್ಕೆ ಪಕ್ಕದಲ್ಲೊಂದು ಜೇಬಿತ್ತು. ಅದರಲ್ಲಿ ಹಿಂಡಿ, ಮಡಿಸಿ ಇಟ್ಟಿರುತ್ತಿದ್ದರು. ಬಾಗಿಲು ತೆಗೆದ ಕೂಡಲೇ ನಾನು ನೋಡುತ್ತಿದ್ದದ್ದು ಇವರ ಮುಖವನ್ನಲ್ಲ, ಆ ಜೇಬನ್ನು. ಮೆಟ್ಟಿಲು ಹತ್ತುವಷ್ಟರಲ್ಲಿ ಮುಖವನ್ನು ಸರಿಮಾಡಿಕೊಂಡು ಬರಬಹುದು. ಬಟ್ಟೆಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ಆಗ ನಂಬಿದ್ದೆ.

ಇವರು ಬಟ್ಟೆ ಒಗೆಯುವ ಮಷೀನು ತಯಾರಿಸುವ ಕಂಪನಿಯಲ್ಲಿ ರಿಪೇರಿಯವರು. ಕಂಪನಿ ಮಷೀನು ಮಾರುತ್ತಿತ್ತು. ಕೆಟ್ಟರೆ ಇವರಂಥವರನ್ನು ಮನೆಗೆ ಕಳಿಸುತ್ತಿತ್ತು. ಹೊಳೆಯ ದಂಡೆಯಿಂದ ರೈಲು ಹಳಿಯವರೆಗಿನ ಬೀದಿಗಳೆಲ್ಲ ಇವರಿಗೆ ಸೇರಿದ್ದವು. ರಿಪೇರಿ ಮುಗಿದ ಮೇಲೆ ಮಷೀನನ್ನು ಖಾಲಿ ಓಡಿಸಿ ನೋಡಬೇಕೆಂಬುದು ಕಂಪನಿಯ ನಿಯಮ. ಇವರಿಗೆ ಕೆಲಸ ಕಲಿಸಿದ ಮೇಸ್ತ್ರಿಯ ನಿಯಮವೇ ಬೇರೆ. "ನಿನ್ನ ಬಟ್ಟೆ ಹಾಕೋಕೆ ಹೆದರೋ ಮಷೀನಿಗೆ ಇನ್ನೊಬ್ಬರ ಬಟ್ಟೆ ಹಾಕಿಸ್ಬೇಡ ಕಣಯ್ಯ" ಎಂದಿದ್ದರಂತೆ ಮೊದಲ ದಿನವೇ. ಹಾಗಾಗಿ ಮೇಸ್ತ್ರಿಯ ಕೈಕೆಳಗೆ ಪಳಗಿದವರೆಲ್ಲ ಎಣ್ಣೆ, ಮಸಿ ಒರೆಸಿಕೊಂಡ ತಮ್ಮ ನೀಲಿ ಕೈಬಟ್ಟೆಯನ್ನೇ ಮಷೀನಿಗೆ ಹಾಕಿ, ಒಗೆತ ಮುಗಿಯುವವರೆಗೆ ಎದುರಿಗೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಆ ಹೊತ್ತಿನಲ್ಲಿ ಮನೆಯವರು ಬಂದು ಮಾತಾಡುತ್ತಿದ್ದರು. ಇವರ ಬೀದಿಗಳಲ್ಲಿ ಯಾರಿಗೆ ಮೊಮ್ಮಗು ಹುಟ್ಟಿತು, ಯಾರ ಮಗಳು ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಳು, ಎಲ್ಲವೂ ನಮ್ಮ ಮನೆಗೆ ಆ ಬಟ್ಟೆಯ ಜೊತೆಗೇ ಬರುತ್ತಿತ್ತು.

ಅದನ್ನು ಒಣಹಾಕುವುದು ನನ್ನ ಕೆಲಸ. ಮೂಗಿನ ಹತ್ತಿರ ಹಿಡಿದು ಹೇಳುತ್ತಿದ್ದೆ: "ಇವತ್ತು ಕೊನೆಗೆ ಹೋಗಿದ್ದು ಹಲ್ಲಿನ ಡಾಕ್ಟರಮ್ಮನ ಮನೆಗೆ."

"ಹೆಂಗೆ ಗೊತ್ತಾಯ್ತೇ?"

"ನಿಂಬೆ ವಾಸನೆ. ಅವರೊಬ್ಬರೇ ಆ ಸೋಪು ತರೋದು."

"ನಾಯಿ ಮೂಗು ನಿಂದು" ಎಂದು ನಗುತ್ತಿದ್ದರು. ನಾನು ನಗುತ್ತಿದ್ದೆನಾದರೂ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ: ಸರಿ, ಇವತ್ತಿನ ದಿನವೂ ಕ್ಷೇಮವಾಗಿ ಕಳೆಯಿತು. ಬೀಗ ಹಾಕಿದ ಮೇಲೂ ಮತ್ತೊಮ್ಮೆ ಎಳೆದು ನೋಡುವ ಜಾತಿಯವಳು ನಾನು.

ಒಣಹಾಕುತ್ತಿದ್ದದ್ದು ಒಂದು ಏಣಿಯ ಮೇಲೆ. ಬಾಲ್ಕನಿಯ ಎರಡು ಗೋಡೆಗಳ ನಡುವೆ ಅದನ್ನು ಅಡ್ಡಡ್ಡ ಕಟ್ಟಿದ್ದೆವು. ಅದು ನಮ್ಮ ಮಾವನವರಿಗೆ ಬಂದ ಪಾಲು. ಅಣ್ಣತಮ್ಮಂದಿರು ಮನೆ ಹಂಚಿಕೊಂಡಾಗ ಹಿರಿಯರು ಮೇಲಿನ ಅಂತಸ್ತು, ಕೆಳಗಿನ ಅಂತಸ್ತು, ಅಂಗಡಿ ಎಂದು ತೆಗೆದುಕೊಂಡು, ಕಿರಿಯವರಾದ ಮಾವನವರಿಗೆ ಅಟ್ಟದ ಏಣಿ ಕೊಟ್ಟರಂತೆ. ಅಟ್ಟ ಮಾತ್ರ ಹಿರಿಯಣ್ಣನದಾಯಿತು. ಅತ್ತೆ ಅದನ್ನು ಹೇಳುವಾಗಲೆಲ್ಲ ನಗಿಸಿಯೇ ಹೇಳುವವರು. "ಪಾಲಿಗೆ ಬಂದದ್ದು ಪಂಚಾಮೃತ ಅಂತಾರಲ್ಲ, ನಮ್ಮ ಪಾಲಿಗೆ ಬಂದದ್ದು ಏಣಿ. ಒರಗಿಸೋಕೆ ಗೋಡೆ ಇಲ್ಲ, ಹತ್ತೋಕೆ ಅಟ್ಟ ಇಲ್ಲ. ಹೆಗಲ ಮೇಲಿಟ್ಕೊಂಡು ಇಡೀ ಪೇಟೆ ಸುತ್ತಿದ್ವಿ." ಆಗ ಇವರು ಚಿಕ್ಕ ಹುಡುಗನಾಗಿದ್ದು, ಏಣಿಯ ಹಿಂದಿನ ತುದಿಯನ್ನು ಹಿಡಿದುಕೊಂಡಿದ್ದವರು ಇವರೇ. ಅತ್ತೆ ನಗಿಸುವಾಗ ಇವರು ಮಾತ್ರ ಎಂದೂ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಇದನ್ನೆಲ್ಲ ಮೊದಲೇ ಹೇಳದಿದ್ದರೆ ಇವರು ಆ ಒಂದು ಪದಕ್ಕೆ ಹೇಗೆ ಮರುಳಾದರೆಂದು ಯಾರಿಗೂ ಅರ್ಥವಾಗುವುದಿಲ್ಲ.

ಕಂಪನಿ ತನ್ನ ವ್ಯಾಪಾರದ ರೀತಿಯನ್ನೇ ಬದಲಿಸಿತು. ಇನ್ನು ಮಷೀನು ಮಾರುವುದಿಲ್ಲ, ಬಾಡಿಗೆಗೆ ಕೊಡುತ್ತದೆ. ಗಿರಾಕಿ ತಿಂಗಳು ತಿಂಗಳು ಕಟ್ಟುತ್ತಾ ಹೋಗಬೇಕು. ಮಷೀನು ಎಂದೆಂದಿಗೂ ಕಂಪನಿಯದೇ. ಕೆಟ್ಟರೆ ರಿಪೇರಿ ಇಲ್ಲ: ಹಳೆಯದನ್ನು ಎತ್ತಿಕೊಂಡು ಹೋಗುವುದು, ಇನ್ನೊಂದನ್ನು ಇಟ್ಟು ಬರುವುದು. ಹಾಗಿದ್ದಮೇಲೆ ರಿಪೇರಿಯವರು ಏಕೆ? ಅದಕ್ಕೂ ಒಂದು ದಾರಿ ಕಂಡುಕೊಂಡಿದ್ದರು. ಒಂದು ಮಧ್ಯಾಹ್ನ ಇವರು ಹೊತ್ತಿಗೆ ಮುಂಚೆಯೇ ಮನೆಗೆ ಬಂದರು. ಕೆಲಸ ಹೋಯಿತೆಂದುಕೊಂಡೆ. ಆದರೆ ಮುಖದಲ್ಲಿ ಹಬ್ಬದ ಕಳೆ.

"ಅಮ್ಮಾ, ಬಾ ಇಲ್ಲಿ. ಪುಟ್ಟೀ, ನೀನೂ ಬಾ. ಇವತ್ತಿಂದ ನಿಮ್ಮಪ್ಪ ಏನು ಗೊತ್ತಾ? ಕಂಪನಿ ಪಾಲುದಾರ!"

"ಏನಂದೆ?" ಅತ್ತೆಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು; ಇನ್ನೊಮ್ಮೆ ಕೇಳಿಸಿಕೊಳ್ಳಬೇಕಿತ್ತು ಅಷ್ಟೆ.

"ಪಾಲುದಾರ ಅಮ್ಮ. ಮೇಸ್ತ್ರೀನೇ ಎಲ್ಲರನ್ನೂ ಕರೆದು ಹೇಳಿದ್ರು. ಇನ್ಮೇಲೆ ನೀವು ಯಾರೂ ನೌಕರರಲ್ಲ, ಪಾಲುದಾರರು ಅಂತ. ಸಾಹೇಬರು ಒಬ್ಬೊಬ್ಬರ ಕೈ ಕುಲುಕಿದ್ರು."

ಅತ್ತೆ ಕೈಯಲ್ಲಿದ್ದ ಚಾಕುವನ್ನು ಕೆಳಗಿಟ್ಟರು. "ಬರೆದುಕೊಟ್ಟಿದ್ದಾರಾ?" ಎಂದರು ಬಹಳ ಮೆಲ್ಲಗೆ.

ಕೊಟ್ಟಿದ್ದರು. ಕಾಗದ ನನ್ನ ಕೈಗೆ ಬಂತು. ನಾನು ಓದಿದ್ದು ಕಾಲೇಜಿನವರೆಗೆ. ಮನೆಯಲ್ಲಿ ಕೂತು ಒಂದು ಅಚ್ಚುಕೂಟಕ್ಕೆ ಕರಡು ತಿದ್ದಿಕೊಡುತ್ತೇನೆ. ನನ್ನ ಕಣ್ಣು ವಾಕ್ಯಕ್ಕಿಂತ ಮೊದಲು ಪದಗಳ ಮೇಲೆ ಬೀಳುತ್ತದೆ. ಆ ಕಾಗದದಲ್ಲಿ ಸಾಲುಸಾಲಿಗೂ 'ಪಾಲುದಾರರು' ಎಂದಿತ್ತು. ಪಾಲುದಾರರು ಸ್ವಂತ ಗಾಡಿ ಇಟ್ಟುಕೊಳ್ಳತಕ್ಕದ್ದು. ಪಾಲುದಾರರ ಗಾಯ, ಕಾಯಿಲೆಗಳಿಗೆ ಪಾಲುದಾರರೇ ಹೊಣೆ. ಆದರೆ 'ಪಾಲು' ಎಂಬ ಪದ ಮಾತ್ರ, ಅದೊಂದೇ ಆಗಿ, ಎಲ್ಲಿಯೂ ಇರಲಿಲ್ಲ. ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದೆ.

ಇವರು ಕೈಕಾಲು ತೊಳೆಯಲು ಒಳಗೆ ಹೋದಾಗ ಹಿಂದೆಯೇ ಹೋಗಿ ಹೇಳಿದೆ. "ರೀ, ಇದರಲ್ಲಿ ಪಾಲು ಎಲ್ಲಿದೆ?"

"ಅಷ್ಟು ದೊಡ್ಡದಾಗಿ ಬರೆದಿದೆಯಲ್ಲೇ."

"ಅದು ಪಾಲುದಾರ. ಪಾಲು ಎಲ್ಲಿ? ಇದು ನಿಮ್ಮನ್ನ ಕೆಲಸದಿಂದ ಬಿಡಿಸೋ ಕಾಗದ ಅನ್ಸುತ್ತೆ ನಂಗೆ. ನೌಕರರು ಅಲ್ಲ ಅಂದ್ರೆ ಸಂಬಳ ಇಲ್ಲ, ರಜ ಇಲ್ಲ. ಸಹಿ ಹಾಕೋ ಮುಂಚೆ ಯಾರನ್ನಾದ್ರೂ ಕೇಳೋಣ."

ನೀರಿನ ಸದ್ದು ನಿಂತಿತು. ಇವರು ಟವೆಲಿನಿಂದ ಮುಖ ಒರೆಸುತ್ತಲೇ ಇದ್ದರು, ಒರೆಸಿದ್ದನ್ನೇ ಒರೆಸುತ್ತಿದ್ದರು. "ನೀನು ತಪ್ಪು ಹುಡುಕೋದೇ ಕಸುಬು ಮಾಡ್ಕೊಂಡೋಳು. ತಪ್ಪಿಲ್ಲದ ಕಾಗದ ಎಲ್ಲಾದ್ರೂ ನೋಡಿದ್ದೀಯಾ ಇವತ್ತಿನವರೆಗೆ?" ಸಿಟ್ಟಿನಿಂದಲ್ಲ, ಬೇಡಿಕೊಳ್ಳುವವರಂತೆ ಹೇಳಿದರು. "ಮೇಸ್ತ್ರಿ ಸುಳ್ಳು ಹೇಳ್ತಾರಾ? ಅಮ್ಮನ ಮುಖ ನೋಡಿದ್ಯಾ?"

ನೋಡಿದ್ದೆ. ಹೊರಗೆ ಅತ್ತೆ ಮೊಮ್ಮಗಳಿಗೆ ಹೇಳುತ್ತಿದ್ದರು, "ನಿಮ್ಮ ತಾತ ಇರಬೇಕಿತ್ತು ಕಣೇ."

ಇವರ ಜೊತೆಯವನೊಬ್ಬನಿದ್ದ, ಉದ್ದಣ್ಣ. ಎಲ್ಲ ಬಾಗಿಲುಗಳಿಗೂ ತಲೆ ಬಗ್ಗಿಸಿಯೇ ಬರುವವನು. ಅವನು ಸಹಿ ಹಾಕಲಿಲ್ಲ. ಭಾವಮೈದುನನ ಸೈಕಲ್ ಅಂಗಡಿ ಸೇರಿಕೊಳ್ಳುತ್ತೇನೆಂದ. ಹೋಗುವ ಮುಂಚೆ ನಮ್ಮ ಮನೆಗೂ ಬಂದ.

"ಏನು ಪಾಲುದಾರರೇ, ನಮಗೂ ಒಂದು ಕೆಲಸ ಕೊಡ್ಸಿ ನಿಮ್ಮ ಕಂಪನೀಲಿ."

"ನೋಡೋಣ, ನೋಡೋಣ, ಅರ್ಜಿ ಹಾಕು" ಎಂದು ಇವರೂ ಗತ್ತಿನಲ್ಲೇ ಹೇಳಿದರು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರೆ. ಹೂವೇನೋ ಮುಡಿಸಿದ್ದಾರೆ, ಇನ್ನು ಜುಟ್ಟು ಹಿಡಿಯೋದೊಂದು ಬಾಕಿ." ಉದ್ದಣ್ಣ ನಗಲಿಲ್ಲ. "ಯೋಚನೆ ಮಾಡಪ್ಪ."

"ಮಾಡಿದ್ದೀನಿ" ಎಂದರು ಇವರು.

ಸಹಿ ಹಾಕಿದ ದಿನ ಕಂಪನಿ ಇವರ ಎರಡು ಸಮವಸ್ತ್ರಗಳನ್ನೂ ವಾಪಸು ಪಡೆಯಿತು. ಮನೆಯಲ್ಲಿ ಅದಕ್ಕೂ ಇವರ ಬಳಿ ಉತ್ತರವಿತ್ತು. "ಮಾಲೀಕರು ಎಲ್ಲಾದ್ರೂ ಯೂನಿಫಾರ್ಮ್ ಹಾಕ್ತಾರೇನೇ?" ಪುಟ್ಟಿ ಬಿದ್ದುಬಿದ್ದು ನಕ್ಕಳು. ಕೈಬಟ್ಟೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅದರ ಅಂಚಿನಲ್ಲಿ ಕಂಪನಿಯ ಹೆಸರು ನೇಯ್ದಿತ್ತು. ಕಂಡವರ ಮನೆಯ ನೀರಿನಲ್ಲೆಲ್ಲ ಒಗೆಸಿಕೊಂಡು ಅಕ್ಷರಗಳು ಮಾಸಿದ್ದವು. ತಿಳಿದವರು ಮಾತ್ರ ಓದಬಹುದಿತ್ತು.

ಕೆಲಸ ಫೋನಿನಲ್ಲಿ ಬರಲು ಶುರುವಾಯಿತು. ಫೋನು ಕುಯ್ಯೆಂದ ತಕ್ಷಣ ಒತ್ತಬೇಕು. ತಡಮಾಡಿದರೆ ಆ ಕೆಲಸ ಇನ್ನಾವನೋ ಪಾಲುದಾರನ ಪಾಲು. ತಮ್ಮದೇ ಆದ ಬೀದಿಗಳು ಈಗ ಇರಲಿಲ್ಲ. ಪರಿಚಯವಿಲ್ಲದ ಬಡಾವಣೆ, ಪರಿಚಯವಿಲ್ಲದ ಮನೆ; ಒಂದು ಮಷೀನನ್ನು ಇಳಿಸಿ, ಇನ್ನೊಂದನ್ನು ಏರಿಸಿ, ಮುಂದಿನ ಮನೆಗೆ ಓಡುವುದು. ಸ್ಕ್ರೂಡ್ರೈವರ್ ಹಿಡಿದ ಕೈಗೆ ಹಗ್ಗ ಬಂತು. ಹೆಗಲ ಮೇಲೆ ಹಗ್ಗದ ಗುರುತು ಕಾಣಿಸಿಕೊಂಡಿತು. ಎಣ್ಣೆ ಹಚ್ಚಿಕೊಡಲು ಹೋದರೆ, "ಇರಲಿ ಬಿಡೇ, ಹೊಸದರಲ್ಲಿ ಎಲ್ಲಾ ಹಿಂಗೇ" ಎನ್ನುತ್ತಿದ್ದರು.

ಒಂದು ಸಂಜೆ ಜೇಬಿನಿಂದ ಕೈಬಟ್ಟೆ ತೆಗೆದೆ. ಒಣಗಿತ್ತು. ಮಸಿ ಹಾಗೆಯೇ ಇತ್ತು.

ಇವರೇ ಹೇಳಿದರು, "ಹೊಸ ಮಷೀನಲ್ವಾ, ಹಾಕಿ ನೋಡೋ ಅಗತ್ಯ ಬರ್ಲಿಲ್ಲ." ಮರುದಿನವೂ ಒಣಗಿತ್ತು, ಅದರ ಮರುದಿನವೂ. ನಾನು ಅದನ್ನು ಬಚ್ಚಲಲ್ಲಿ ಕೈಯಿಂದ ಉಜ್ಜಿ ಒಣಹಾಕತೊಡಗಿದೆ. ಉಜ್ಜುವಾಗ ಇವರು ಬಾಗಿಲಲ್ಲಿ ನಿಂತು ನೋಡಿ ಹೋದದ್ದು ನನಗೆ ಗೊತ್ತಾಯಿತು.

ಆಮೇಲೆ ಒಂದು ದಿನ ಬಟ್ಟೆ ಮತ್ತೆ ಒದ್ದೆಯಾಗಿ ಬಂತು! ನನಗೆ ಎಷ್ಟು ಸಂತೋಷವಾಯಿತೆಂದರೆ ಬಾಗಿಲಲ್ಲೇ ನಿಂತು ಮೂಗಿಗೆ ಹಿಡಿದೆ. ಯಾವ ಸೋಪಿನ ವಾಸನೆಯೂ ಇರಲಿಲ್ಲ. ಬರಿಯ ನೀರು; ಬೀದಿ ನಲ್ಲಿಯ ಕಬ್ಬಿಣದ ವಾಸನೆ. ಮಡಿಕೆಯ ಒಳಗೆ ಎಣ್ಣೆಯ ಕಲೆ ಕದಲದೆ ಕೂತಿತ್ತು. ಇವರು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿಕೊಂಡೇ ಇದ್ದರು.

"ಇವತ್ತು ಯಾರ ಮನೆ?" ಎಂದೆ. ನನ್ನ ದನಿ ಎಂದಿನಂತೆಯೇ ಬಂತು, ಪುಣ್ಯ.

"ಹಲ್ಲಿನ ಡಾಕ್ಟರಮ್ಮನ ಮನೆ."

"ಹೌದಾ. ಚೆನ್ನಾಗಿದ್ದಾರಂತಾ?"

"ಚೆನ್ನಾಗಿದ್ದಾರೆ. ನಿನ್ನನ್ನ ಕೇಳಿದ್ರು."

ಏಣಿಯ ಮೇಲೆ ಹರವಿದೆ. ಅಂದಿನಿಂದ ದಿನವೂ ಅದು ಒದ್ದೆಯಾಗಿ ಬಂತು, ದಿನವೂ ನಾನು ಕೇಳಿದೆ, ದಿನವೂ ಇವರು ಒಂದು ಮನೆಯ ಹೆಸರು ಹೇಳಿದರು. ಮೊದಲೇ ಎಚ್ಚರಿಸಿದ್ದವಳು ನಾನು. ಅದು ನಿಜವಾಗಿತ್ತು. ಆ ನಿಜವನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಅತ್ತೆ ಕೆಳಗಿನ ಮನೆಯವರಿಗೆ, ತರಕಾರಿಯವನಿಗೆ, ಎಲ್ಲರಿಗೂ ಹೇಳಿಯಾಗಿತ್ತು. ಇವರು ಅಮ್ಮನ ಎದುರು ದಿನೇದಿನೇ ಹೆಚ್ಚು ಗೆಲುವಾಗಿ ಮಾತಾಡುತ್ತಿದ್ದರು. ನನಗೆ ಭಯವಿದ್ದದ್ದು ಅದರದೇ. ಹೆಗಲ ನೋವು ಒಂದಲ್ಲ ಒಂದು ದಿನ ಮಾಯಬಹುದು. ತಾನು ಕಂಪನಿಯವನು ಎಂಬ ಆ ಒಂದು ಹೆಮ್ಮೆ, ಅದೂ ಅಮ್ಮನ ಕಣ್ಣೆದುರಿಗೆ ಮುರಿದರೆ, ಈ ಮನುಷ್ಯ ಮತ್ತೆ ಏಳುವುದಿಲ್ಲ ಎಂದು ನನಗೆ ಅನ್ನಿಸುತ್ತಿತ್ತು.

ಪುಟ್ಟಿಯ ಪರೀಕ್ಷೆ ಮುಗಿದ ಮೇಲಿನ ಭಾನುವಾರ ಕಂಪನಿಯ ದಿನ. ಪ್ರತಿವರ್ಷ ಕಾರ್ಖಾನೆಯ ಅಂಗಳಕ್ಕೆ ಮನೆಯವರನ್ನೆಲ್ಲ ಕರೆದು, ಮಕ್ಕಳಿಗೆಂದು ದೊಡ್ಡ ತೊಟ್ಟಿಯಲ್ಲಿ ಸೋಪಿನ ನೊರೆ ಎಬ್ಬಿಸುತ್ತಿದ್ದರು. ಪುಟ್ಟಿ ಸೊಂಟದವರೆಗೆ ನೊರೆಯಲ್ಲಿ ನಿಂತು ಕಿರುಚುತ್ತಿದ್ದಳು. ಅತ್ತೆ ಎಂದೂ ಬಂದವರಲ್ಲ. ಈ ವರ್ಷ ತಾವೇ ಪೆಟ್ಟಿಗೆಯಿಂದ ಸೀರೆ ತೆಗೆದಿಟ್ಟುಕೊಂಡರು. "ನನ್ನ ಮಗನ ಪಾಲು ಎಷ್ಟು ಉದ್ದ, ಎಷ್ಟು ಅಗಲ ಇದೆ ಅಂತ ಕಣ್ಣಾರೆ ನೋಡ್ಬೇಕು."

"ರೀ, ಕರೆದಿದ್ದಾರಾ?" ಎಂದು ಕೇಳಿದೆ, ಅತ್ತೆಗೆ ಕೇಳಿಸದಂತೆ.

ಇವರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. "ನಮ್ಮ ಮನೆಗೆ ಹೋಗೋಕೆ ನಮ್ಮನ್ನ ಯಾರು ಕರೀಬೇಕು?" ಎಂದರು. ಆದರೆ ಕೊನೆಯ ಗುಂಡಿ ತಪ್ಪಿ ಪಕ್ಕದ ಕಾಜಕ್ಕೆ ಬಿದ್ದಿತ್ತು. ನಾನೇ ಬಿಚ್ಚಿ ಸರಿಮಾಡಿದೆ. ಬೇಡ, ಹೋಗುವುದು ಬೇಡ ಎನ್ನಬೇಕೆಂದು ಬಾಯಿಯವರೆಗೆ ಬಂತು. ಆಚೆ ಅತ್ತೆ ಪುಟ್ಟಿಯಿಂದ ಸೆರಗು ಸರಿಮಾಡಿಸಿಕೊಳ್ಳುತ್ತಿದ್ದರು.

ಗೇಟಿನಲ್ಲಿದ್ದ ಕಾವಲುಗಾರ ಹಳಬನೇ. ಇವರನ್ನು ಕಂಡು ಅಭ್ಯಾಸಬಲದಿಂದ ಸಲಾಮು ಹೊಡೆದು, ಆಮೇಲೆ ನೆನಪಾಗಿ ಕೈಯನ್ನು ಟೋಪಿಯ ಹತ್ತಿರವೇ ನಿಲ್ಲಿಸಿಕೊಂಡ. ಒಳಗಿನಿಂದ ಮೈಕಿನ ಹಾಡು, ಮಕ್ಕಳ ಕೂಗು ಕೇಳುತ್ತಿತ್ತು.

"ಅಣ್ಣಾ, ಈ ಸಲ ನೌಕರರ ಮನೆಯವರಿಗೆ ಮಾತ್ರ" ಎಂದ, ಗೇಟಿನ ಚಿಲಕ ನೋಡುತ್ತಾ.

ಇವರು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದರು. "ನೌಕರ ಅಲ್ಲಪ್ಪ ಇವನು. ಪಾಲುದಾರ."

"ಅದಕ್ಕೇ ಅಜ್ಜಿ" ಎಂದ ಅವನು, "ಬಿಡೋ ಹಾಗಿಲ್ಲ."

ಅವನು ಒರಟಾಗಿ ಹೇಳಲಿಲ್ಲ. ಒರಟಾಗಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಯಾರೋ ಹೋಗಿ ಹೇಳಿದರೇನೋ, ಮೇಸ್ತ್ರಿ ಒಳಗಿನಿಂದ ಬಂದರು. ಹೊಸ ಅಂಗಿ, ಎದೆಯ ಮೇಲೆ ಗುರುತುಪಟ್ಟಿ. ಅವರನ್ನು ನೌಕರರಾಗಿಯೇ ಉಳಿಸಿಕೊಂಡಿದ್ದರು. ಗೇಟಿನ ಸರಳಿನ ಆಚೆ ನಿಂತು ಇವರ ಕೈ ಹಿಡಿದುಕೊಂಡರು.

"ತಪ್ಪು ತಿಳ್ಕೋಬೇಡ ಕಣಯ್ಯ. ಆ ಪದಾನ ಅವರು ನನ್ನ ಬಾಯಲ್ಲಿಟ್ರು. ನಂಗೂ ನಿಜವಾಗ್ಲೂ ಚೆನ್ನಾಗಿದೆ ಅನ್ನಿಸ್ತು." ದನಿ ತಗ್ಗಿಸಿದರು. "ಒಂದ್ಕೆಲಸ ಮಾಡು. ನಮ್ಮ ಮನೆಯವರು ಯಾರೂ ಬಂದಿಲ್ಲ. ನನ್ನ ಮನೆಯವರು ಅಂತ ಹೇಳ್ತೀನಿ, ನಾಲ್ಕೂ ಜನ ಒಳಗೆ ಬಂದುಬಿಡಿ."

"ಬೇಡ ಮೇಸ್ತ್ರಿ." ಇವರು ಕೈ ಬಿಡಿಸಿಕೊಳ್ಳಲಿಲ್ಲ; ಆದರೆ ಆ ಕೈಯಲ್ಲಿ ಜೀವವಿರಲಿಲ್ಲ. "ನಾನು ಕಂಪನಿಯವನಾಗಿ ಬರ್ತಿದ್ದೋನು." ಆಮೇಲೆ ಪುಟ್ಟಿಯನ್ನು ನೋಡಿದರು. ಅವಳು ಸರಳುಗಳ ನಡುವೆ ಮುಖವಿಟ್ಟು ಒಳಗೆ ನೋಡುತ್ತಿದ್ದಳು. "ಇವಳನ್ನ ಕರ್ಕೊಂಡು ಹೋಗಿ. ನಿಮ್ಮ ಮೊಮ್ಮಗಳು ಅಂತ ಹೇಳಿ."

"ಅಪ್ಪ, ನೀನು?"

"ನಾವು ಇಲ್ಲೇ ಇರ್ತೀವಿ. ಹೋಗಮ್ಮ."

ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಮೂವರೂ ಕೂತೆವು. ಬಸ್ಸುಗಳು ಬಂದು ನಿಂತು, ನಾವು ಏಳದಿದ್ದುದನ್ನು ಕಂಡು ಹೋಗುತ್ತಿದ್ದವು. ಗೋಡೆಯ ಮೇಲಿನಿಂದ ಒಂದಿಷ್ಟು ನೊರೆ ಹಾರಿ ಬಂದು ರಸ್ತೆಯ ಮೇಲೆ ಬಿದ್ದು ಒಡೆಯಿತು. ಅತ್ತೆ ಅದನ್ನು ನೋಡಿದರು, ಮಗನನ್ನು ನೋಡಲಿಲ್ಲ. ಆಮೇಲೆ ಎಂದಿನ ನಗಿಸುವ ದನಿಯಲ್ಲೇ ಹೇಳಿದರು:

"ಏಣೀನಾದ್ರೂ ಕೊಡ್ತಾರೇನೋ ಕೇಳ್ಬೇಕಿತ್ತು ಕಣೋ."

ಇವರು ನಕ್ಕರು. ಆ ಮಾತಿಗೆ ಇವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಗುತ್ತಲೇ ಮೊಣಕೈ ಮೊಣಕಾಲಿಗೂರಿ ಬಗ್ಗಿದರು, ಬಗ್ಗಿದವರು ಏಳಲಿಲ್ಲ. ಅತ್ತೆ ಇವರ ಬೆನ್ನಿನ ಮೇಲೆ ಕೈಯಿಟ್ಟರು. ಹಗ್ಗದ ಗುರುತಿರುವ ಜಾಗ ತಿಳಿದವರಂತೆ ಅದನ್ನು ಬಿಟ್ಟು, ಸ್ವಲ್ಪ ಕೆಳಗೆ. ಹಾಗಾದರೆ ಅವರಿಗೂ ಗೊತ್ತಿತ್ತು. ಎಂದಿನಿಂದ ಗೊತ್ತಿತ್ತೋ, ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಪುಟ್ಟಿ ಬಂದಳು. ಓಡಿ ಬರಲಿಲ್ಲ.

"ಹೆಂಗಿತ್ತು ಪುಟ್ಟಿ?" ಎಂದರು ಇವರು, ಮುಖ ಒರೆಸಿಕೊಂಡು.

"ಏನೂ ಇರ್ಲಿಲ್ಲ ಅಪ್ಪ. ಈ ಸಲ ನೊರೆಯೇ ಮಾಡಿರ್ಲಿಲ್ಲ. ಬೋರು."

ಬಸ್ಸಿನಲ್ಲಿ ಅವಳು ನನ್ನ ತೊಡೆಯ ಮೇಲೆ ಕೂತಿದ್ದಳು. ಅವಳ ಅಂಗೈಗಳನ್ನು ಹಿಡಿದುಕೊಂಡೆ. ಸೋಪಿನ ಘಮ ಬರುತ್ತಿತ್ತು. ನಾಯಿ ಮೂಗು ನನ್ನದು. ಇಷ್ಟು ಚಿಕ್ಕ ವಯಸ್ಸಿಗೆ ಇವಳೂ ಕಲಿತಳಲ್ಲ ಎಂದು ಸಂಕಟವಾಯಿತು.

ಮರುದಿನ ಬೆಳಿಗ್ಗೆ ಎದ್ದಾಗ ಬಚ್ಚಲಿನ ಹತ್ತಿರ ಸದ್ದಾಗುತ್ತಿತ್ತು. ನಮ್ಮ ಮನೆಯಲ್ಲೂ ಒಂದು ಮಷೀನಿದೆ. ಜನ ಎಸೆದ ಮಷೀನುಗಳ ಭಾಗಗಳನ್ನು ಕೂಡಿಸಿ ಇವರೇ ಮಾಡಿದ್ದು. ಚೆನ್ನಾಗಿಯೇ ಓಡುತ್ತಿತ್ತು. ಇವರು ಅದರ ಹಿಂಬದಿ ಬಿಚ್ಚಿ, ಎಲ್ಲವನ್ನೂ ಒರೆಸಿ, ಬಿಗಿದು, ಮತ್ತೆ ಮುಚ್ಚಿದರು. ಒರೆಸಿ ಕಪ್ಪಾದ ಕೈಬಟ್ಟೆಯನ್ನು ಒಳಗೆ ಹಾಕಿ ಗುಂಡಿ ಒತ್ತಿ, ಎದುರಿಗೆ ಸ್ಟೂಲು ಹಾಕಿಕೊಂಡು ಕೂತರು. ಕೈಗಳು ಮೊಣಕಾಲ ಮೇಲೆ, ಬೆನ್ನು ನೆಟ್ಟಗೆ, ಯಾರದೋ ಮನೆಯಲ್ಲಿ ಕೂತವರ ಹಾಗೆ.

ನಾನು ಒಂದು ಲೋಟ ನೀರು ತೆಗೆದುಕೊಂಡು ಹೋದೆ. "ನೀರು ತಗೊಳ್ಳಿ."

"ಬೇಡಮ್ಮ, ಇನ್ನೇನು ಆಗೋಯ್ತು" ಎಂದರು, ಮಷೀನಿನಿಂದ ಕಣ್ಣು ತೆಗೆಯದೆ. ಗಿರಾಕಿಗಳ ಮನೆಯಲ್ಲಿ ಇವರ ದನಿ ಹೇಗಿರುತ್ತಿತ್ತೆಂದು ನಾನು ಕೇಳಿದ್ದು ಅದೊಂದೇ ಸಲ. ಎಷ್ಟು ಮೆದುವಾದ ದನಿ!

ಬಟ್ಟೆ ಇನ್ನೂ ಸುತ್ತುತ್ತಿತ್ತು. ಫೋನು ಕುಯ್ಯೆಂದಿತು.

ಇವರು ಫೋನನ್ನು ನೋಡಿದರು, ಗಾಜಿನ ಒಳಗಿನ ನೀಲಿಯನ್ನು ನೋಡಿದರು. ಮತ್ತೆ ಕುಯ್ಯೆಂದಿತು. ಒತ್ತಿದರು. ಎದ್ದು, ಗೂಟದಿಂದ ಹಗ್ಗ ತೆಗೆದು ಹೆಗಲಿಗೆ ಹಾಕಿಕೊಂಡರು. ಬಾಗಿಲ ಹತ್ತಿರ ನಿಂತು ತಿರುಗಿದರು.

"ನೀನು ಕೂತ್ಕೋತೀಯಾ? ಮುಗಿಯೋವರೆಗೂ ಎದ್ದು ಬರಬಾರದು."

"ಕೂತ್ಕೋತೀನಿ" ಎಂದೆ.

ಸ್ಟೂಲು ಇನ್ನೂ ಬೆಚ್ಚಗಿತ್ತು. ಒಲೆಯ ಮೇಲೆ ಹಾಲಿತ್ತು, ಮೇಜಿನ ಮೇಲೆ ತಿದ್ದಬೇಕಾದ ಕರಡಿತ್ತು, ಪುಟ್ಟಿ ಒಳಗಿನಿಂದ ಅಮ್ಮಾ ಎಂದು ಕೂಗುತ್ತಿದ್ದಳು. ಮಷೀನು ನಿಲ್ಲುವವರೆಗೆ ನಾನು ಏಳಲಿಲ್ಲ. ನಿಂತ ಮೇಲೆ ಬಟ್ಟೆ ತೆಗೆದು, ಹಿಂಡಿ, ಮೂಗಿನ ಹತ್ತಿರ ಹಿಡಿದೆ. ನಮ್ಮದೇ ಸೋಪಿನ ವಾಸನೆ. ಯಾರ ಮನೆ ಎಂದು ಕೇಳಲು ಯಾರೂ ಇರಲಿಲ್ಲ. ಏಣಿಯ ಮೇಲೆ, ಅತ್ತೆಯ ಸೀರೆಯ ಪಕ್ಕದಲ್ಲಿ ಅದನ್ನು ಹರವಿದೆ.